ತಾಯವ್ವನ ಮೀಸಲು ಪಿಳ್ಳೆಗಳು

ಮೊನ್ನೆ ಸೊಂಟ ಹಿಡಿದುಕೊಂಡು ಏಳಲಾರದೆ ಮಲಗಿದ್ದೆ. ನಮ್ಮನೆಯವರು ಕೊಟ್ಟಿಗೆಯ ಅಟ್ಟ ಹತ್ತಿ, ಅತ್ತೆಯ ಹಳೆಯ ಹೀಟಿಂಗ್ ಪ್ಯಾಡನ್ನು ಎಲ್ಲಿಂದಲೋ ಹುಡುಕಿ ತಂದು, ಕೊಡವಿ, ಪ್ಲಗ್ಗಿಗೆ ಸಿಕ್ಕಿಸಿ ನನ್ನ ಬೆನ್ನಿನ ಕೆಳಗೆ ಇಟ್ಟರು. ಬಟ್ಟೆ ಬೆಚ್ಚಗಾಗುತ್ತಿದ್ದ ಹಾಗೆ ಅದರಿಂದ ಒಂದು ವಾಸನೆ ಎದ್ದಿತು. ಭತ್ತದ ಹೊಟ್ಟು, ನೆಂದ ನುಚ್ಚು, ಅದರ ಜೊತೆಗೆ ಎಳೆಯ ಪುಕ್ಕದ ಕಮಟು. "ತೆಗೀರಿ, ತೆಗೀರಿ ಅದನ್ನ!" ಎಂದು ಕಿರುಚಿಬಿಟ್ಟೆ. ಪ್ಯಾಡ್ ಸುಡುತ್ತಿದೆ ಎಂದುಕೊಂಡು ಅವರು ಸ್ವಿಚ್ ಆರಿಸಿದರು. ಅದೇನೂ ಸುಡುತ್ತಿರಲಿಲ್ಲ. ಆ ಒಂದು ಮಳೆಗಾಲದಲ್ಲಿ ನಾನು ಪಟ್ಟ ಹೆದರಿಕೆ ಮತ್ತೆ ಮೈಮೇಲೆ ಬಂದ ಹಾಗಾಯಿತು, ಅಷ್ಟೆ.

ನಾನು ಹುಟ್ಟು ಪುಕ್ಕಲಿ. ಫೋನು ಹೊಡೆದುಕೊಂಡರೆ ಕೆಟ್ಟ ಸುದ್ದಿಯೇ ಎಂದುಕೊಂಡು ಎತ್ತುವವಳು. ನಮ್ಮನೆಯವರು ನಂಜನಗೂಡಿನ ಫ್ಯಾಕ್ಟರಿಯಿಂದ ಬರುವುದು ಸ್ವಲ್ಪ ತಡವಾದರೂ ಮನಸ್ಸಿನಲ್ಲೇ ಆಸ್ಪತ್ರೆಗೆಲ್ಲ ಓಡಾಡಿ ಬಂದಿರುತ್ತೇನೆ. ಅಂಥವಳ ಕೈಗೆ ದೇವರು ಕೋಳಿಪಿಳ್ಳೆಗಳನ್ನು ಕೊಟ್ಟ. ಹೆದರುವವರ ಮೇಲೆ ಹಾವು ಎಸೆಯುವುದು ಎಂದರೆ ಇದೇ.

ಹುಲ್ಲಹಳ್ಳಿಯಲ್ಲಿ ನಮ್ಮ ಹಿತ್ತಲ ಗೋಡೆಯಾಚೆ ತಾಯವ್ವನ ಮನೆ. ನಾಟಿಯ ಕಾಲದಲ್ಲಿ ಹೆಂಗಸರ ತಂಡ ಕಟ್ಟಿಕೊಂಡು ಗದ್ದೆಯಿಂದ ಗದ್ದೆಗೆ ಹೋಗುವವಳು. ಅವಳು ಮಾತಾಡಿದರೆ ನಾಲೆಯ ಆಚೆ ದಡಕ್ಕೂ ಕೇಳುತ್ತಿತ್ತು. ನಮ್ಮದು ಲಿಂಗ ಕಟ್ಟುವ ಮನೆ. ತಾಯವ್ವನ ಕೋಳಿ ಗೋಡೆ ಹಾರಿ ಈಚೆಗೆ ಬಂದರೆ ನನ್ನ ಅತ್ತೆ ಕೋಲು ಹಿಡಿದು ಅಟ್ಟುತ್ತಿದ್ದರು, ಅದು ಕೂತ ಜಾಗಕ್ಕೆ ನೀರು ಹಾಕುತ್ತಿದ್ದರು. ಹಾಗೆಂದು ಇಬ್ಬರಿಗೂ ದ್ವೇಷವಿರಲಿಲ್ಲ. ಗೋಡೆಯ ಮೇಲೆ ಕೈಯೂರಿ ಇಬ್ಬರೂ ಊರಿನವರ ಸುದ್ದಿಯನ್ನೆಲ್ಲ ಸೋಸಿ ಎತ್ತಿಡುತ್ತಿದ್ದರು.

ಆ ವರ್ಷ ಆಷಾಢದಲ್ಲಿ ನಾಲೆಗೆ ನೀರು ಬಿಟ್ಟ ಹೊತ್ತಿಗೇ ಜಡಿಮಳೆಯೂ ಹಿಡಿದುಕೊಂಡಿತು. ಒಗೆದ ಬಟ್ಟೆ ಒಣಗುತ್ತಿರಲಿಲ್ಲ, ಗೋಡೆಗಳೆಲ್ಲ ಬೆವತು ನಿಂತಿದ್ದವು. ಒಂದು ಬೆಳಿಗ್ಗೆ ನಾನು ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದಾಗ ತಾಯವ್ವ ತಲೆಗೆ ಗೋಣಿಕೊಪ್ಪೆ ಹಾಕಿಕೊಂಡು ಒಂದು ಮಂಕರಿಯನ್ನು ಎದೆಗವಚಿಕೊಂಡು ಬಂದಳು. ಮಂಕರಿಯೊಳಗಿಂದ ಚಿಂವ್ ಚಿಂವ್ ಎಂಬ ಸದ್ದು. ಯಾವತ್ತೂ ಜೋರಾಗಿ ಮಾತಾಡುವ ಹೆಂಗಸಿನ ಗಂಟಲಿನಿಂದ ಅವತ್ತು ಸ್ವರವೇ ಹೊರಡುತ್ತಿರಲಿಲ್ಲ.

"ರತ್ನವ್ವಾ, ನಮ್ ಶೋಭಂಗೆ ಫಿಟ್ಸ್ ಬಂದ್ಬುಟ್ಟದೆ ಕಣವ್ವಾ. ಬಿಪಿ ಅಂತೆ. ನರಸೀಪುರದಿಂದ ಮೈಸೂರು ದೊಡ್ಡಾಸ್ಪತ್ರೆಗೆ ಕಳ್ಸವ್ರೆ. ನಾ ಓಗ್ಬೇಕು."

ಶೋಭಾ ಅವಳ ಒಬ್ಬಳೇ ಮಗಳು. ತಲಕಾಡಿನ ಹತ್ತಿರದ ಹಳ್ಳಿಗೆ ಕೊಟ್ಟಿದ್ದರು. ಬಸುರಿ, ಇನ್ನೂ ದಿನ ತುಂಬಿರಲಿಲ್ಲ.

ತಾಯವ್ವ ಮಂಕರಿಯನ್ನು ನನ್ನ ಕಾಲ ಬಳಿ ಇಟ್ಟಳು. "ತಾಯಿಕೋಳೀನ ಮುಂಗ್ಸಿ ಇಡ್ಕಂಡೋಯ್ತು. ಇವು ಮೊನ್ನೆ ತಾನೆ ಒಡದವು. ನಾ ಬರಗಂಟ ನೋಡ್ಕಳವ್ವಾ."

"ನಾನಾ? ನಮ್ಮನೇಲಾ? ನಿಮ್ಮ ಬೀದೀಲಿ ಯಾರೂ ಇಲ್ವಾ ತಾಯವ್ವಾ?"

"ನಮ್ಮೋರ್ ಕೈಗೆ ಕೊಟ್ರೆ ಬೆಳೆಯೋಕ್ ಬುಟ್ಟಾರಾ? ನಾ ಬರೋದ್ ತಡ ಆದ್ರೆ ಸಾರಾಗೋಯ್ತವೆ. ನೀವು ತಿನ್ನಲ್ವಲ್ಲ, ಅದ್ಕೇ ನಿಮಗೆ." ಆಮೇಲೆ ಅವಳು ನನ್ನ ಕೈ ಹಿಡಿದುಕೊಂಡಳು. "ಇವುರಲ್ಲಿ ಒಂದು ಹುಂಜ ಮಾರವ್ವಂಗೆ ಮೀಸ್ಲು. ನಮ್ ಶೋಭ ಎಲ್ಡು ಜೀವ ಆಗಿ ಎದ್ ಬರ್ಲಿ ಅಂತ ಅರ್ಸ್ಕಂಡಿವ್ನಿ."

"ಯಾವುದು?"

"ಈಗ್ಲೇ ಎಂಗ್ ಗೊತ್ತಾದದು? ಜುಟ್ಟು ಬರ್ಲಿ. ಯಾವ್ದು ಅಂತ ಅವ್ವನೇ ತೋರುಸ್ತಾಳೆ."

ಅಷ್ಟು ಹೇಳಿ ಅವಳು ಬಸ್ಸಿಗೆ ಓಡಿದಳು. ನಾನು ಮಂಕರಿ ನೋಡುತ್ತ ನಿಂತೆ. ಒಂದರ ಮೇಲೊಂದು ಬಿದ್ದುಕೊಂಡು ನಡುಗುತ್ತಿದ್ದವು. ಕಂದು, ಹಳದಿ, ಕಪ್ಪು ಪಟ್ಟೆಯವು, ಎಲ್ಲವೂ ಒಂದೇ ಥರ. ಯಾವುದು ಹುಂಜವಾಗುತ್ತದೆ, ಯಾವುದು ಮೀಸಲು, ಯಾರಿಗೂ ಗೊತ್ತಿಲ್ಲ. ಎಂದರೆ ಯಾವುದು ಸತ್ತರೂ ಅದೇ ಮೀಸಲಿನದ್ದಾಗಿರಬಹುದು. ಹರಕೆಯಲ್ಲಿ ನನಗೆ ನಂಬಿಕೆ ಇರಲಿಲ್ಲ, ನಮ್ಮ ಮನೆಯಲ್ಲಿ ಬಲಿ ಎಂಬ ಮಾತೇ ಆಡುವುದಿಲ್ಲ. ಆದರೆ ಮೈಸೂರಿನಲ್ಲಿ ಮಲಗಿರುವ ಆ ಹುಡುಗಿಯ ಉಸಿರಿಗೂ ಈ ಮಂಕರಿಗೂ ತಾಯವ್ವ ಒಂದು ದಾರ ಕಟ್ಟಿ ಹೋಗಿದ್ದಳು. ಅದನ್ನು ಬಿಚ್ಚುವುದು ನನಗೆ ಆಗಲಿಲ್ಲ.

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. "ಮನೆಯೊಳಕ್ಕೆ ಬೇಡ. ಕೊಟ್ಟಿಗೇಲಿ ಇಡು. ನಾನಂತೂ ಮುಟ್ಟಲ್ಲ, ಮುಟ್ಟು ಅಂತ ಹೇಳ್ಲೂ ಬೇಡ" ಎಂದರು.

ನಮ್ಮ ಕೊಟ್ಟಿಗೆಯಲ್ಲಿ ದನ ಇಲ್ಲದೆ ಬಹಳ ಕಾಲವಾಗಿತ್ತು, ಸ್ಕೂಟರ್ ನಿಲ್ಲುತ್ತಿತ್ತು. ಟಿವಿ ಬಂದಿದ್ದ ರಟ್ಟಿನ ಪೆಟ್ಟಿಗೆ ತಂದು ತಳಕ್ಕೆ ಹೊಟ್ಟು ಹರವಿದೆ. ಬಲ್ಬು ಇಳಿಬಿಡೋಣವೆಂದರೆ ಕೊಟ್ಟಿಗೆಯ ಹೋಲ್ಡರ್ ಮಳೆಗೆ ನೆಂದು ಮುಟ್ಟಿದರೆ ಜುಮ್ಮೆನ್ನುತ್ತಿತ್ತು. ಆಗ ಅತ್ತೆ ಮಂಡಿನೋವಿಗೆ ಇಟ್ಟುಕೊಳ್ಳುತ್ತಿದ್ದ ಪ್ಯಾಡ್ ನೆನಪಾಯಿತು. ಹೆದರುತ್ತಲೇ ಕೇಳಿದೆ. "ಕೋಳಿ ಮಲಗಿದ ಮೇಲೆ ನಾನು ಅದನ್ನ ಮೈಗೆ ಇಟ್ಕೋತೀನಾ? ತಗೊಂಡು ಹೋಗು, ಮತ್ತೆ ಒಳಗೆ ತರಬೇಡ" ಎಂದು ಎಸೆದರು. ಎಸೆದವರು ಅಲ್ಲಿಗೇ ಬಿಡಲಿಲ್ಲ. ಕೊಟ್ಟಿಗೆಯ ಹೊಸ್ತಿಲಿನಾಚೆ ಒಂದು ಸ್ಟೂಲ್ ಹಾಕಿಕೊಂಡು ಕೂತು ನನಗೆ ಪಾಠ ಹೇಳತೊಡಗಿದರು.

"ಬಾಣ್ತಿ ಮನೆ ಕಂಡಿಲ್ವೇನೇ ನೀನು? ಬಾಣ್ತಿ ಮಂಚದ ಕೆಳಗೆ ಕೆಂಡ ಇಡಲ್ವಾ? ಶಾಖ ಅನ್ನೋದು ಕೆಳಗಿಂದ ಬರಬೇಕು. ಹಾಸು ಅದನ್ನ. ಮೇಲೆ ಒಂದು ಹಳೇ ಪಂಚೆ ಹಾಸಿ ಬಿಡು."

ಊರಲ್ಲಿ ಎಷ್ಟೋ ಎಳೆಕೂಸುಗಳಿಗೆ ನೀರು ಹಾಕಿದ ಕೈ ಅತ್ತೆಯದು. ಕೋಳಿಯ ವಿಷಯದಲ್ಲಿ ನಾವಿಬ್ಬರೂ ಸಮನಾದ ದಡ್ಡರು, ಕೂಸಿನ ವಿಷಯದಲ್ಲಿ ಅವರು ಪಂಡಿತರು. ಹಾಗಾಗಿ ನಾವು ಕೋಳಿಪಿಳ್ಳೆಗಳಿಗೆ ಬಾಣಂತಿತನ ಶುರುಮಾಡಿದೆವು. ಪ್ಯಾಡ್ ಹಾಸಿ, ಪಂಚೆ ಹಾಸಿ, ಪಿಳ್ಳೆಗಳನ್ನು ಮೇಲೆ ಬಿಟ್ಟೆ. ಮೊದಲು ಸುಮ್ಮನಾದವು. ಸ್ವಲ್ಪ ಹೊತ್ತಿಗೆ ಬಾಯಿ ತೆರೆದುಕೊಂಡು, ರೆಕ್ಕೆ ಬಿಟ್ಟುಕೊಂಡು ಮೂಲೆಮೂಲೆಗೆ ಸರಿದವು. ಕೆಳಗೆ ಕಾಲು ಸುಡುತ್ತಿತ್ತು, ಬೆನ್ನಿಗೆ ಮಳೆಗಾಲದ ಶೀತಗಾಳಿ ಹೊಡೆಯುತ್ತಿತ್ತು. ಅದು ನಮಗೆ ತಿಳಿಯಲಿಲ್ಲ.

"ಥಂಡಿ ಹೊಡೆದಿದೆ. ಸಾಂಬ್ರಾಣಿ ಹಾಕು" ಎಂದರು ಅತ್ತೆ.

ಹಾಕಿದೆ. ಕೂಸಿಗೆ ಹಾಕುವ ಹಾಗೆಯೇ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ, ಪೆಟ್ಟಿಗೆಯ ಬಾಯಿಗೆ ಟವಲ್ ಹೊದಿಸಿ ಹೊಗೆ ತುಂಬಿದೆ. ಒಳಗಿನ ಚಿಂವ್ ಚಿಂವ್ ನಿಂತುಹೋಯಿತು. ಅತ್ತೆ, "ನೋಡು, ನಿದ್ದೆ ಹತ್ತಿತು" ಎಂದರು. ನನಗೆ ಮಾತ್ರ ಆ ಸದ್ದಿಲ್ಲದ ಪೆಟ್ಟಿಗೆ ಸರಿಬೀಳಲಿಲ್ಲ. ಟವಲ್ ಕಿತ್ತು ಎಸೆದೆ. ಎಲ್ಲವೂ ಕತ್ತು ಚಾಚಿ ಗಾಳಿಗೆ ಬಾಯಿಬಾಯಿ ಬಿಡುತ್ತಿದ್ದವು. ಪೆಟ್ಟಿಗೆಯನ್ನೇ ಎಳೆದು ಬಾಗಿಲ ಗಾಳಿಗೆ ತಂದೆ. ಒಂದೊಂದಾಗಿ ಚೇತರಿಸಿಕೊಂಡವು. ಕಪ್ಪು ಪಟ್ಟೆಯದೊಂದು ಮಾತ್ರ ಏಳಲಿಲ್ಲ. ಅಂಗೈಮೇಲೆ ಇಟ್ಟುಕೊಂಡರೆ ಅದಕ್ಕೆ ತೂಕವೇ ಇರಲಿಲ್ಲ.

ಅತ್ತೆ ಸ್ಟೂಲಿನಿಂದ ಎದ್ದವರು ಮತ್ತೆ ಕೂತರು. ನಾನು ಅಳತೊಡಗಿದೆ. ಪಿಳ್ಳೆಗಾಗಿ ಅಲ್ಲ, ಮೈಸೂರಿನಲ್ಲಿ ಈ ಹೊತ್ತಿಗೆ ಏನಾಗಿರಬಹುದು ಎಂಬ ಭಯಕ್ಕೆ. ಅಳುತ್ತಲೇ ಪೆಟ್ಟಿಗೆಯೊಳಗೆ ಕೈಯೂರಿ ಕೂತಿದ್ದೆ. ಆಗ ಉಳಿದ ಪಿಳ್ಳೆಗಳು ಒಂದೊಂದೇ ಬಂದು ನನ್ನ ಅಂಗೈ ಅಡಿಗೆ ತಲೆ ತೂರಿಸಿದವು. ಜಾಗ ಸಾಲದವು ಪ್ಯಾಡಿನ ಮಡಚಿಕೊಂಡ ತುದಿಯ ಕೆಳಗೆ ಹೊಕ್ಕವು. ಅದರ ಮೇಲೆ ಒಂದೂ ನಿಲ್ಲಲಿಲ್ಲ. ಇವಕ್ಕೆ ಬೇಕಾದದ್ದು ಹಾಸಿಗೆಯಲ್ಲ, ಬೆನ್ನಿಗೆ ತಾಗುವ ತಾಯಿಯ ಹೊಟ್ಟೆ ಎಂದು ಆಗ ಹೊಳೆಯಿತು.

ಪಾತ್ರೆ ಬೋರಲು ಹಾಕುವ ತಂತಿ ಬುಟ್ಟಿ ತಂದು, ಒಂದು ಕಡೆಯ ತಂತಿ ಬಗ್ಗಿಸಿ ಬಾಗಿಲು ಮಾಡಿ, ಪೆಟ್ಟಿಗೆಯಲ್ಲಿ ಮಗುಚಿ ಇಟ್ಟೆ. ಅದರ ಮೇಲೆ ಪ್ಯಾಡ್, ಪ್ಯಾಡಿನ ಮೇಲೆ ಮಡಿಸಿದ ಕಂಬಳಿ. ಬ್ಲೌಸಿನ ಲೈನಿಂಗ್ ಬಟ್ಟೆಯಲ್ಲಿ ಪ್ಯಾಡಿನ ಅಳತೆಗೆ ಒಂದು ಗವಸು ಹೊಲಿದು ಹಾಕಿದೆ. ಪಿಳ್ಳೆಗಳು ಅದರಡಿಗೆ ಹೋಗಿ, ಬೆನ್ನು ತಾಗಿಸಿಕೊಂಡು ಗುರ್‌ ಎಂದು ಸಣ್ಣಗೆ ಸದ್ದು ಮಾಡುತ್ತ ಮಲಗಿದವು. ಚಳಿಯಾದರೆ ಒಳಗೆ, ಸಾಕೆನಿಸಿದರೆ ಹೊರಗೆ ಬಂದು ನುಚ್ಚು ಕುಕ್ಕುವುದು.

ನನ್ನ ಹೆದರಿಕೆಗೆ ಮಾತ್ರ ಹೊಸ ಹೊಸ ದಾರಿ ಸಿಕ್ಕಿತು. ಹೊಟ್ಟಿಗೆ ವೈರಿನ ಬಿಸಿ ತಗುಲಿ ಬೆಂಕಿ ಹತ್ತಿದರೆ? ಮುಂಗುಸಿ ಮತ್ತೆ ಬಂದರೆ? ಹೊಲಿಯಲು ಬಂದ ಬ್ಲೌಸಿಗೆ ಕೊಕ್ಕೆ ಹಾಕುತ್ತಿದ್ದವಳು ನಡುವೆಯೇ ಎದ್ದು ಓಡಿ ಪ್ಯಾಡಿಗೆ ಕೈ ಇಟ್ಟು ನೋಡುವುದು. ಹಾಗೆ ಒಂದು ಸಲ ಕೈ ಇಟ್ಟರೆ ತಣ್ಣಗಿತ್ತು. ಕರೆಂಟ್ ಇತ್ತು, ಪ್ಲಗ್ ಸರಿಯಾಗಿಯೇ ಇತ್ತು. ಮನುಷ್ಯರು ಮಲಗಿ ಸುಟ್ಟುಕೊಳ್ಳಬಾರದೆಂದು ಆ ಪ್ಯಾಡ್ ಸ್ವಲ್ಪ ಹೊತ್ತಿಗೆ ತಾನೇ ಆರಿಹೋಗುತ್ತಿತ್ತು! ಗುಂಡಿ ಒತ್ತಿದರೆ ಮತ್ತೆ ಕಾಯುತ್ತಿತ್ತು. ಅವತ್ತಿನಿಂದ ನಾನು ಆ ಗುಂಡಿಯ ಜೀತದಾಳಾದೆ. ನಿದ್ದೆಯಲ್ಲಿ ಎದ್ದು ಒತ್ತಿ ಬರುತ್ತಿದ್ದೆ. ಸಂತೆಗೆ ಹೋಗುವುದು ನಿಂತಿತು. "ನಿನ್ನ ಹೆರಿಗೆಗೂ ನೀನು ಇಷ್ಟು ಹೆದರಿರಲಿಲ್ಲ" ಎಂದು ನಮ್ಮನೆಯವರು ನಕ್ಕರು. ನನಗೆ ನಗು ಬರಲಿಲ್ಲ.

ತಾಯವ್ವ ದಿನಾ ಫೋನ್ ಮಾಡುತ್ತಿದ್ದಳು. ಕಪ್ಪು ಪಟ್ಟೆಯದು ಹೋದ ಮಾರನೆಯ ದಿನ ಫೋನು ಬಂದಾಗ, ಮಗಳು ಹೇಗಿದ್ದಾಳೆ ಎಂದು ಕೇಳಿದೆ. "ಕಣ್ ಬುಟ್ಟವ್ಳೆ. ಮಾತಿಲ್ಲ" ಎಂದಳು. "ಪಿಳ್ಳೆ ಎಂಗವೆ?" ಎಂದು ಕೇಳಿದಾಗ ನಾನು ಅತ್ತೆಯ ಕಡೆ ತಿರುಗಿದೆ. ಅತ್ತೆ ಕೈಚಾಚಿ ಫೋನ್ ಕಿತ್ತುಕೊಂಡರು.

"ಒಂದು ಹೋಯ್ತು ಕಣೇ ತಾಯಿ. ಇವಳದ್ದೇನೂ ತಪ್ಪಿಲ್ಲ. ನಾನೇ ಸಾಂಬ್ರಾಣಿ ಹಾಕಿಸ್ದೆ."

ತಾಯವ್ವ, "ಪಿಳ್ಳೆ ಅಂದ್ಮೇಲೆ ಒಂದೋ ಎಲ್ಡೋ ಓಯ್ತವೆ ಬುಡಿ ದೊಡ್ಡವ್ವಾರೆ. ಮೀಸ್ಲುದಾಗಿದ್ರೆ ಅವ್ವ ಬುಟ್ಕೊಟ್ಟಾಳಾ?" ಎಂದಳು. ನಮಗೇ ಧೈರ್ಯ ಹೇಳಿದಳು. ಆದರೆ ದೀಪ ಹಚ್ಚುವ ಹೊತ್ತಿಗೆ ಮತ್ತೆ ಫೋನು. ಈ ಸಲ ಸ್ವರ ತಗ್ಗಿತ್ತು.

"ರತ್ನವ್ವಾ, ಓದದ್ದು ಯಾವ್ ಬಣ್ಣದ್ದು?"

ಹೇಳಿದೆ. ಅವಳು "ಊಂ" ಎಂದು ಇಟ್ಟುಬಿಟ್ಟಳು. ಏಕೆ ಕೇಳಿದಳು ಎಂದು ನಾನು ಇವತ್ತಿಗೂ ಕೇಳಿಲ್ಲ. ಅವಳಿಗೂ ನನ್ನಷ್ಟೇ ಹೆದರಿಕೆ ಎಂದಷ್ಟು ಗೊತ್ತಾಯಿತು. ಧೈರ್ಯಸ್ಥೆ ಎಂದುಕೊಂಡವಳೂ ಹೆದರಿದ್ದಾಳೆಂದು ತಿಳಿದಾಗ ಆಗುವ ಭಯವೇ ಬೇರೆ.

ಮಳೆ ಇನ್ನೂ ಜೋರಾಯಿತು. ಒಂದು ಮಧ್ಯಾಹ್ನ ನಾಲೆಯ ಪಕ್ಕದ ಮರ ಲೈನಿನ ಮೇಲೆ ಬಿದ್ದು ಊರಿಗೆಲ್ಲ ಕರೆಂಟ್ ಹೋಯಿತು. ನಾಳೆಯವರೆಗೂ ಬರುವುದಿಲ್ಲವೆಂದರು. ಪ್ಯಾಡ್ ಆರುತ್ತ ಬಂತು. ಪಿಳ್ಳೆಗಳು ಒಂದನ್ನೊಂದು ತುಳಿಯುತ್ತ ಕೂಗತೊಡಗಿದವು. ನಾನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಅವನ್ನೆಲ್ಲ ಮಡಿಲಿಗೆ ಹಾಕಿಕೊಂಡು, ಮೇಲೆ ಸೆರಗು ಹೊದ್ದುಕೊಂಡು ಬಾಗಿದೆ. ಅಲುಗಿದರೆ ಎಲ್ಲಿ ಅಪ್ಪಚ್ಚಿಯಾಗುತ್ತವೋ ಎಂದು ಉಸಿರನ್ನೂ ಅಳೆದು ಬಿಡುತ್ತಿದ್ದೆ. ಹೊಟ್ಟೆಯ ಮೇಲೆಲ್ಲ ಅವುಗಳ ಎದೆಬಡಿತ. ನನ್ನದು ಯಾವುದು, ಅವುಗಳದ್ದು ಯಾವುದು ತಿಳಿಯುತ್ತಿರಲಿಲ್ಲ.

ಕತ್ತಲಾಗುವ ಹೊತ್ತಿಗೆ ಫೋನು ಹೊಡೆದುಕೊಂಡಿತು. ನನ್ನ ಕೈಗೆ ಬಿಡುವಿರಲಿಲ್ಲ. ಅತ್ತೆ ಎತ್ತಿ ಸ್ಪೀಕರಿಗೆ ಹಾಕಿದರು.

"ಆಪ್ರೇಷನ್ ಮಾಡ್ ತಗದ್ರು. ಎಣ್ ಮಗ. ಬೊಗ್ಸೆಲಿ ಇಡಿಸ್ತದೆ ಕಣವ್ವಾ, ಅಷ್ಟೇಯ." ತಾಯವ್ವ ಅಳುತ್ತಿದ್ದಳು. "ಪೆಟ್ಗೇಲಿ ಮಡಗವ್ರೆ. ಮೇಲಿಂದ ಕರೆಂಟಲ್ಲಿ ಶಾಖ ಕೊಡ್ತಾವ್ರೆ. ಕರೆಂಟ್ ಓದ್ರೆ ಏನವ್ವಾ ಗತಿ? ನಿಮ್ಮಲ್ಲಿ ಅದಾ ಕರೆಂಟು?"

ಏನು ಹೇಳಲಿ? ಅತ್ತೆ ನನ್ನ ಮಡಿಲನ್ನೊಮ್ಮೆ ನೋಡಿದರು. "ಆಸ್ಪತ್ರೇಲಿ ಜನರೇಟರ್ ಇರ್ತದೆ ಕಣೇ. ಅದೂ ಇಲ್ಲ ಅಂದ್ರೆ ಮೈ ಇಲ್ವಾ? ಎದೆ ಇಲ್ವಾ? ನರ್ಸಮ್ಮನ್ನ ಕೇಳು, ಎದೆಗೆ ಇಟ್ಕೋ. ಹೆದರ್ಕೋಬೇಡ" ಎಂದರು.

ಫೋನ್ ಇಟ್ಟು ಒಳಗೆ ಹೋದವರು ತಂಬಿಗೆ ತುಂಬ ಬಿಸಿನೀರು ಕಾಯಿಸಿ, ಬಟ್ಟೆ ಸುತ್ತಿ ತಂದರು. ಹೊಸ್ತಿಲಿನಲ್ಲಿ ಒಂದು ಕ್ಷಣ ನಿಂತರು. ಆಮೇಲೆ ದಾಟಿ ಬಂದು ನನ್ನೆದುರು ಕೂತು, "ಅರ್ಧ ಇಲ್ಲಿಗೆ ಹಾಕು, ನಿನಗೆ ಸೊಂಟ ಬಿದ್ದುಹೋಗ್ತದೆ" ಎಂದು ತಮ್ಮ ಮಡಿಲು ಒಡ್ಡಿದರು. ಹಾಕಿದೆ. ಅವರು ಕಣ್ಣು ಮುಚ್ಚಿಕೊಂಡು, ಎದೆಯ ಮೇಲಿನ ಕರಡಿಗೆಯೊಳಗಿನ ಲಿಂಗವನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯನ್ನು ಪಿಳ್ಳೆಗಳ ಮೇಲೆ ಮುಚ್ಚಿ, ಬೆಳಕು ಹರಿಯುವವರೆಗೂ ಹಾಗೇ ಕೂತಿದ್ದರು. ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಪೂಜೆಗೆ ಕೂತರು.

ಮಗು ಉಳಿಯಿತು, ಶೋಭಾಳೂ ಉಳಿದಳು. ಅವರು ಹುಲ್ಲಹಳ್ಳಿಗೆ ಬರುವ ಹೊತ್ತಿಗೆ ಗೌರಿಹಬ್ಬ ಕಳೆದಿತ್ತು. ಪುಕ್ಕ ಬಂದು ಪಿಳ್ಳೆಗಳು ಪೆಟ್ಟಿಗೆ ಬಿಟ್ಟಿದ್ದವು. ಹದ್ದಿಗೆ, ನಾಯಿಗೆ, ಕಾಯಿಲೆಗೆ ಇನ್ನೂ ಕೆಲವು ಹೋದವು. ಉಳಿದವನ್ನು ತಾಯವ್ವ ತನ್ನ ಹಿತ್ತಲಿಗೆ ಒಯ್ದರೂ ಅವು ಗೋಡೆ ಹಾರಿ ನಮ್ಮ ಕೊಟ್ಟಿಗೆಗೇ ಬರುತ್ತಿದ್ದವು. ಅತ್ತೆ ಈಗ ಕೋಲು ತರುತ್ತಿರಲಿಲ್ಲ, ಬಾಯಲ್ಲಿ ಮಾತ್ರ ಬೈಯುತ್ತಿದ್ದರು. ಜುಟ್ಟು ಕೆಂಪಗೆ ಎದ್ದಾಗ ನೋಡಿದರೆ, ಉಳಿದವುಗಳಲ್ಲಿ ಹುಂಜ ಒಂದೇ ಒಂದು. ಕಂದು ಬಣ್ಣದ್ದು. ನಾನು "ಬಾ ಬಾ" ಎಂದರೆ ಓಡಿ ಬಂದು ಕಾಲಿಗೆ ಸುತ್ತಿಕೊಳ್ಳುವುದು. ಯಾವುದು ಅಂತ ಅವ್ವನೇ ತೋರಿಸಿಬಿಟ್ಟಿದ್ದಳು.

ಶಿವರಾತ್ರಿ ಆಗಿ, ತಮಟೆ ಬಾರಿಸಿ ಊರಿಗೆಲ್ಲ ಮಾರಿಹಬ್ಬದ ಸಾರು ಹಾಕಿದ ಮೇಲೆ, ಒಂದು ಬೆಳಿಗ್ಗೆ ತಾಯವ್ವ ಮೊಮ್ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಹಿತ್ತಲ ಬಾಗಿಲಿಗೆ ಬಂದಳು. ಹೊಸ ಸೀರೆ ಉಟ್ಟಿದ್ದಳು. ಹುಂಜ ನಮ್ಮ ಕೊಟ್ಟಿಗೆಯಲ್ಲೇ ಇತ್ತು. ಅವಳು ಹಿಡಿದುಕೊಂಡು ಹೋಗಬಹುದಿತ್ತು. ಹಿಡಿಯಲಿಲ್ಲ.

"ಮೀಸ್ಲುದ್ದ ಸಾಕ್ದೋರೇ ಕೈಯಾರ ಎತ್ ಕೊಡ್ಬೇಕು ಕಣವ್ವಾ. ಇಲ್ದಿದ್ರೆ ಅವ್ವ ಒಪ್ಕಳಲ್ಲ."

ಅತ್ತ ದರಿ ಇತ್ತ ಪುಲಿ. ಕೊಡುವುದೆಂದರೆ ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಪಾಪವಿಲ್ಲ. ಕೊಡದಿದ್ದರೆ, ಮುಂದೆ ಆ ಮಗುವಿಗೆ ಒಂದು ಜ್ವರ ಬಂದರೂ ತಾಯವ್ವನ ಕಣ್ಣು ನಮ್ಮ ಗೋಡೆಯ ಕಡೆ ತಿರುಗುತ್ತದೆ. ತಾಯವ್ವನ ಕಣ್ಣು ಹಾಗಿರಲಿ, ನನ್ನ ಕಣ್ಣೇ ತಿರುಗುತ್ತದೆ. ನಾನು ಅತ್ತೆಯ ಮುಖ ನೋಡಿದೆ.

"ಬೂದುಗುಂಬಳಕಾಯಿ ಒಡೆಸೇ ತಾಯಿ. ನಾನೇ ತರಿಸಿ ಕೊಡ್ತೀನಿ, ದೊಡ್ಡದು. ದೇವರಿಗೆ ಎಲ್ಲಾ ಒಂದೇ" ಎಂದರು ಅತ್ತೆ. ಅವರು ಯಾರ ಹತ್ತಿರವೂ ಅಷ್ಟು ಮೆತ್ತಗೆ ಬೇಡಿಕೊಂಡಿದ್ದನ್ನು ನಾನು ಕಂಡಿರಲಿಲ್ಲ.

ತಾಯವ್ವ ಸಿಟ್ಟು ಮಾಡಲಿಲ್ಲ. "ಅವ್ವ ನಂಗೆ ಎಲ್ಡು ಜೀವ ಕೊಟ್ಟವ್ಳೆ ದೊಡ್ಡವ್ವಾರೆ. ಕುಂಬ್ಳಕಾಯಿ ಕೊಟ್ಟಿಲ್ಲ" ಎಂದಳು.

ಅತ್ತೆ ಒಳಗೆ ಹೋದರು. ದೇವರಮನೆಯ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು. ಬೇಡ ಎಂದು ಒಂದು ಮಾತು ಕೂಗಿ ಹೇಳುತ್ತಾರೇನೋ ಎಂದು ಕಾದೆ. ಹೇಳಲಿಲ್ಲ.

"ಬಾ ಬಾ" ಎಂದೆ. ಓಡಿ ಬಂತು. ಬಗ್ಗಿ ಎತ್ತಿಕೊಂಡೆ. ನಂಬಿಕೆಯಿಂದ ಎತ್ತಿಕೊಂಡೆ ಎಂದು ಹೇಳಲಾರೆ. ಹೆದರಿಕೆಯಿಂದ ಎತ್ತಿಕೊಂಡೆ. ನನ್ನ ಕೈಯಲ್ಲಿ ಅದು ಒದ್ದಾಡಲಿಲ್ಲ, ರೆಕ್ಕೆ ಕೂಡ ಬಡಿಯಲಿಲ್ಲ. ಅದಕ್ಕೆ ನನ್ನ ಭಯವೇ ಇರಲಿಲ್ಲ.

ತಾಯವ್ವನ ಒಂದು ಕೈಯಲ್ಲಿ ಮಗು. ಒಂದೇ ಕೈಯಲ್ಲಿ ಹುಂಜದ ಕಾಲು ಕಟ್ಟಲಾಗುವುದಿಲ್ಲ. "ಒಸಿ ಇವ್ಳ ಇಸ್ಕಳವ್ವಾ" ಎಂದು ಮೊಮ್ಮಗಳನ್ನು ನನ್ನ ತೋಳಿಗೆ ಹಾಕಿ, ಹುಂಜವನ್ನು ನನ್ನ ಕೈಯಿಂದ ಇಳಿಸಿಕೊಂಡಳು. ಮಗು ತುಂಬಿಕೊಂಡು ಗುಂಡಗಾಗಿತ್ತು, ಬೆಚ್ಚಗಿತ್ತು. ನನ್ನ ಬ್ಲೌಸಿನ ಅಂಚು ಹಿಡಿದುಕೊಂಡು ನಕ್ಕಿತು. ಹಿಂದೆ ತಾಯವ್ವ ದಾರ ಸುತ್ತುತ್ತಿದ್ದಳು. ನಾನು ತಿರುಗಿ ನೋಡದೆ ಮಗುವನ್ನು ಬಿಗಿಯಾಗಿ ಅವಚಿಕೊಂಡೆ.